ಗೊಬ್ಬರದ ಅರ್ಜಿ

ಈ ಬರಹದಲ್ಲಿ ಒಬ್ಬರ ಹೆಸರೂ ಬರುವುದಿಲ್ಲ. ಬೇರೆಯವರ ಅರ್ಜಿಗಳನ್ನು ಟೈಪ್ ಮಾಡಿ ಹೊಟ್ಟೆ ಹೊರೆದವನು ನಾನು. ಹೆಸರು ಬಾಯಿಗೆ ಬಂದರೂ ನುಂಗಿಬಿಡುವುದು ರೂಢಿಯಾಗಿದೆ. ಯಾರ ವಿಷಯ ಹೇಳಲು ಹೊರಟಿದ್ದೇನೋ ಆಕೆಯನ್ನು ಕೇಳಿಯೇ ಬರೆಯುತ್ತಿದ್ದೇನೆ. "ಹೆಸರು ಹಾಕಬ್ಯಾಡ್ರಿ, ಉಳಿದದ್ದು ಬರಕೋರಿ" ಎಂದಳು. ಕೆಲವು ಗುರುತುಗಳನ್ನೂ ಬದಲಾಯಿಸಿದ್ದೇನೆ. ಯಾವ್ಯಾವುದನ್ನು ಎಂದು ಕೇಳಬೇಡಿ.

ಹಾನಗಲ್ಲಿನಲ್ಲಿ, ಜನ ಕಾಗದ ಹಿಡಿದು ಓಡಾಡುವ ಕಚೇರಿಗಳ ಎದುರಿನ ಸಾಲಿನಲ್ಲಿ ನನ್ನ ಅಂಗಡಿ. ಬಾಗಿಲು ಒಂದು, ಕುರ್ಚಿ ಎರಡು, ಝೆರಾಕ್ಸ್ ಮಶೀನು ಒಂದು. ಮೊದಲು ಟೈಪ್‌ರೈಟರ್ ಇತ್ತು. ನನಗೆ ಕೆಲಸ ಕಲಿಸಿದ ಹಿರಿಯರು ಸಂಜೆ ಅಂಗಡಿ ಮುಚ್ಚುವಾಗ ಆ ದಿನದ ಕಾರ್ಬನ್ ಹಾಳೆಗಳನ್ನೆಲ್ಲ ಎಣಿಸಿ, ಸುರುಳಿ ಸುತ್ತಿ, ಮನೆಗೆ ಒಯ್ದು ಒಲೆಗೆ ಹಾಕುತ್ತಿದ್ದರು. ಕಾರ್ಬನ್ ಹಾಳೆಯನ್ನು ಬೆಳಕಿಗೆ ಹಿಡಿದರೆ ಯಾರ ಹೊಲ ಯಾರ ಪಾಲಾಯಿತು, ಯಾರ ಮಗಳು ಯಾಕೆ ತವರಿಗೆ ತಿರುಗಿ ಬಂದಳು, ಎಲ್ಲವನ್ನೂ ಓದಬಹುದಿತ್ತು. "ಟೈಪ್ ಮಾಡಾಂವನ ಮನಿ ಚಾ ಇದರ ಮ್ಯಾಲನ ಕುದೀಬೇಕು" ಎನ್ನುತ್ತಿದ್ದರು. ಅವರ ಮನೆಯ ಚಹಾಕ್ಕೆ ಒಂದು ಥರದ ಸೀಮೆಎಣ್ಣೆ ವಾಸನೆ ಇರುತ್ತಿತ್ತು. ಮರ್ಯಾದೆಗೆ ಕುಡಿಯುತ್ತಿದ್ದೆ.

ಕಂಪ್ಯೂಟರ್ ಬಂದ ಮೇಲೆ ಸುಡಲು ಏನೂ ಉಳಿಯಲಿಲ್ಲ. ಟೈಪ್ ಮಾಡಿದ್ದೆಲ್ಲ ಅದರೊಳಗೇ ಕೂತಿತು. ಆಸ್ತಿ ಪಾಲು ಮಾಡುವ ವಾಟ್ನಿ ಪತ್ರ, ಬಾಡಿಗೆ ಕರಾರು, ಜಾತಿ ಪ್ರಮಾಣಪತ್ರದ ಅರ್ಜಿ, ಮದುವೆಯ ಬಯೋಡೇಟಾ, ಮದುವೆ ಮುರಿದ ಮೇಲಿನ ಒಪ್ಪಂದ, ಆಧಾರ್ ಕಾರ್ಡಿನ ಫೋಟೋಗಳು. ಹಾನಗಲ್ ತಾಲೂಕಿನ ಅರ್ಧ ಜನರ ಹೆಬ್ಬೆಟ್ಟು ನನ್ನ ಟೇಬಲ್ಲಿನ ಕೆಳಗಿನ ಕಪ್ಪು ಡಬ್ಬಿಯಲ್ಲಿತ್ತು. ಇದನ್ನೆಲ್ಲ ಕಾಯಲು ಪಾಸ್‌ವರ್ಡ್ ಇಟ್ಟಿದ್ದೆ. ಮರೆಯಬಾರದೆಂದು ಗೋಡೆಯ ಮೇಲೆ ಬರೆದಿದ್ದೆ. ಕಾಣಬಾರದೆಂದು ಅದರ ಮೇಲೆ ಕ್ಯಾಲೆಂಡರ್ ತೂಗುಹಾಕಿದ್ದೆ.

ನನ್ನ ಹೆಂಡತಿಗೆ ಇದೆಲ್ಲ ಬೇಸರ. "ಊರ ಸುದ್ದಿಯೆಲ್ಲಾ ನಿಮ್ಮ ಕೈಯಾಗ ಹಾದು ಹೊಕ್ಕೈತಿ, ಮನಿಗೆ ಒಂದರ ತರ್ತೀರೇನು?" ಎಂದು ಕೇಳುತ್ತಿದ್ದಳು. ತಂದಿಲ್ಲ. ಬಡಾಯಿ ಎಂದರೂ ಸರಿ, ತಂದಿಲ್ಲ.

ಆ ಹೆಣ್ಣುಮಗಳು ಮೊದಲ ಸಲ ಬಂದದ್ದು ಒಂದು ಪಂಚಮಿ ಹಬ್ಬದ ಮರುದಿನ. ತವರು ಅಕ್ಕಿಆಲೂರಿನ ಕಡೆ, ಕೊಟ್ಟದ್ದು ದುಂಡಸಿಯ ಆಚೆಗಿನ ಒಂದು ಹಳ್ಳಿಗೆ. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಲೇಬೇಕು. ಬೇಡವೆನ್ನುವ ಧೈರ್ಯ ಎಂಥ ಗಂಡನಿಗೂ ಇಲ್ಲ. ವರ್ಷದಲ್ಲಿ ಆಕೆ ಒಬ್ಬಳೇ ಬಸ್ ಹತ್ತುವುದು ಅದೊಂದೇ ಸಲ. ಬಗಲಲ್ಲಿ ಶೇಂಗಾ ಉಂಡಿಯ ಸ್ಟೀಲ್ ಡಬ್ಬಿ ಇತ್ತು. ಅದನ್ನು ನನ್ನ ಟೇಬಲ್ಲಿನ ಮೇಲಿಟ್ಟು, "ಅಣ್ಣಾರ, ಪೊಲೀಸ್ರಿಗೆ ಕೊಡೂದೊಂದು ಅರ್ಜಿ ಬರೀಬೇಕಾಗಿತ್ರಿ" ಎಂದಳು.

ಕ್ಯಾಲೆಂಡರಿನ ಕಡೆ ಮುಖ ಮಾಡಿ ಕೂತು ಹೇಳಿದಳು. ಗಂಡ ಯಾವತ್ತು ಹೊಡೆದ, ಯಾತರಿಂದ ಹೊಡೆದ, ಯಾಕೆ. ಅಳಲಿಲ್ಲ. ಅಕ್ಕಿ ಆರಿಸುವವರ ಹಾಗೆ ಒಂದೊಂದನ್ನೇ ತೆಗೆದು ಇಟ್ಟಳು. ನಾಲ್ಕು ಪುಟವಾಯಿತು. ಮೂರನೆಯ ಪುಟದಲ್ಲಿ ಒಂದು ಮಧ್ಯಾಹ್ನದ ಸಂಗತಿ ಇತ್ತು. ಮನೆಯಿಂದ ಓಡಿ ಬಂದು ಪಕ್ಕದ ಮನೆಯ ಬಾಗಿಲು ಬಡಿದಿದ್ದಾಳೆ. ಒಳಗೆ ಟಿ.ವಿ. ಸದ್ದು ಇತ್ತು. ಬಡಿದ ಮೇಲೆ ಸದ್ದು ನಿಂತಿತು. ಬಾಗಿಲು ತೆಗೆಯಲಿಲ್ಲ. ಅದನ್ನು ಹೇಳಿ ಡಬ್ಬಿಯ ಮುಚ್ಚಳ ತೆಗೆದು ಮತ್ತೆ ಒತ್ತಿದಳು. ನಾನು ಕೀಲಿಮಣೆಯ ಧೂಳು ಒರೆಸಿದೆ.

ಕೊನೆಗೆ ಸಾಕ್ಷಿ ಎಂದು ಬರೆದು, "ಯಾರ ಹೆಸರು ಹಾಕಲಿ?" ಎಂದೆ.

"ಯಾರದು ಹಾಕ್ತೀರಿ. ಬಿಟ್ಬಿಡ್ರಿ."

ಚುಕ್ಕಿ ಹಾಕಿ ಬಿಟ್ಟೆ. ದಿನಾಂಕ ಕೇಳಿದೆ. "ಅದನ್ನೂ ಬಿಡ್ರಿ. ಶ್ರಾವಣ ಮುಗೀಲಿ, ಆಮ್ಯಾಲೆ ನೋಡೂಣು." ಪ್ರಿಂಟ್ ತೆಗೆಯಲು ಹೋದರೆ ಕೈ ಅಡ್ಡ ಮಾಡಿದಳು. "ಬ್ಯಾಡ್ರಿ ಅಣ್ಣಾರ. ನನಗ ಇಡಾಕ ಜಾಗ ಇಲ್ಲ. ಅಂವ ಹಿಟ್ಟಿನ ಡಬ್ಬಿನೂ ತಗದು ನೋಡ್ತಾನ. ಅದರಾಗ ಇರ್ಲಿ. ಬೇಕಾದಾಗ ಬರ್ತೇನಿ."

ಫೈಲಿಗೆ ಏನು ಹೆಸರು ಕೊಡುವುದು? ನನ್ನ ಅಂಗಡಿಯಲ್ಲಿ ಪಾಳಿ ಕಾಯುವವರೆಲ್ಲ ಹೆಗಲ ಮೇಲಿಂದ ಬಗ್ಗಿ ಪರದೆ ಓದುವವರೇ. ಯಾರಿಗೂ ತೆರೆದು ನೋಡಬೇಕು ಅನ್ನಿಸದಂಥ ಹೆಸರು ಬೇಕಿತ್ತು. ಬಹಳ ಯೋಚಿಸಿ 'ಕೊಟ್ಟಿಗೆ ಗೊಬ್ಬರ ಸಬ್ಸಿಡಿ ಅರ್ಜಿ' ಎಂದು ಇಟ್ಟೆ. ಇಟ್ಟು, ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಹೀಗೆ ಒಂಬತ್ತು ವರ್ಷ. ಪಂಚಮಿಯ ಮರುದಿನ ಉಂಡಿಯ ಡಬ್ಬಿ ಹಿಡಿದು ಬರುವಳು. ನಾನು ಅರ್ಜಿಯನ್ನು ಸಣ್ಣ ದನಿಯಲ್ಲಿ ಓದುವೆ. "ಇದನ್ನ ತಗೀರಿ, ಈಗ ಹಂಗ ಮಾಡೂದಿಲ್ಲ" ಎಂದರೆ ನನಗೆ ಹಗುರಾಗುತ್ತಿತ್ತು. ಅಷ್ಟರಲ್ಲಿ "ಇಲ್ಲೆ ಎರಡು ಸಾಲು ಸೇರ್ಸ್ರಿ" ಎನ್ನುವಳು. ಸಾಕ್ಷಿ ಖಾಲಿ, ದಿನಾಂಕ ಖಾಲಿ, ಶ್ರಾವಣ ಮುಗೀಲಿ. ಬಸ್ಸುಗಳೆಲ್ಲ ನಿಂತುಹೋದ ರೋಗದ ವರ್ಷ ಮಾತ್ರ ಯಾರದೋ ಫೋನಿನಿಂದ ಮಾತಾಡಿದ್ದಳು. "ಅಣ್ಣಾರ, ಗೊಬ್ಬರದ್ದು ಐತಲ್ರಿ?" "ಐತವ್ವ" ಎಂದೆ. ಇಟ್ಟುಬಿಟ್ಟಳು.

ನನ್ನ ಹೆಂಡತಿ ಮಧ್ಯಾಹ್ನ ಊಟ ತಂದು ಅಂಗಡಿಯಲ್ಲಿ ಕೂರುತ್ತಾಳೆ. ಆ ಹೆಣ್ಣುಮಗಳನ್ನು ಕೊಟ್ಟ ಹಳ್ಳಿಯೇ ನನ್ನ ಹೆಂಡತಿಯ ತವರು. ತವರೂರಿನ ಸೊಸೆ ಎಂದರೆ ಅವಳಿಗೆ ಪ್ರೀತಿ. ಡಬ್ಬಿ ಖಾಲಿ ಮಾಡಿ, ತೊಳೆದು, ಒರೆಸಿ, ಒಂದು ಹಿಡಿ ಸಕ್ಕರೆ ಹಾಕಿ ತಿರುಗಿ ಕೊಡುತ್ತಿದ್ದಳು. ಯಾರ ಮನೆಯ ಪಾತ್ರೆಯನ್ನೂ ಖಾಲಿ ಕೊಟ್ಟು ಕಳಿಸುವವಳಲ್ಲ. ನಮ್ಮ ಕಡೆ ಯಾರೂ ಹಾಗೆ ಕಳಿಸುವುದಿಲ್ಲ. "ಪಾಪ, ಏನು ಕೆಲಸಕ್ಕ ಬರ್ತಾಳ್ರಿ ವರ್ಷಾ ವರ್ಷಾ?" ಎಂದು ಕೇಳಿದಾಗ ನಾನು ಫೈಲಿನ ಹೆಸರನ್ನೇ ಹೇಳಿದೆ. ಆಮೇಲೆ ಪ್ರತಿ ಪಂಚಮಿಗೆ, "ಇನ್ನೂ ಬರ್ಲಿಲ್ಲೇನ್ರಿ ಆಕೀಗೆ ಗೊಬ್ಬರದ ಸಬ್ಸಿಡಿ? ಎಂಥಾ ಅರ್ಜಿ ಬರೀತೀರಿ ನೀವು?" ಎಂದು ನನ್ನ ಕಸುಬಿಗೇ ಕೈ ಹಾಕುತ್ತಿದ್ದಳು.

ಹೋದ ವರ್ಷ ಕಾರಹುಣ್ಣಿಮೆ ಮುಗಿಯುವ ಹೊತ್ತಿಗೆ ಆ ಕಂಪ್ಯೂಟರ್ ಏಳಲು ಅರ್ಧ ತಾಸು ತೆಗೆದುಕೊಳ್ಳತೊಡಗಿತ್ತು. ಹೊಸದು ತಂದೆ. ಹಳೆಯದನ್ನು ಏನು ಮಾಡಬೇಕು? ಹಿರೇಕೆರೂರಿನಲ್ಲಿ ನನ್ನಂಥದೇ ಅಂಗಡಿಯವನೊಬ್ಬ ಹಳೆಯ ಡಬ್ಬಿಯನ್ನು ಹಾಗೇ ಗುಜರಿಗೆ ಹಾಕಿದ್ದ. ಅದು ಕೈಯಿಂದ ಕೈಗೆ ಹೋಗಿ, ಒಬ್ಬ ವರನ ಮೂರು ಬಯೋಡೇಟಾಗಳು, ಮೂರು ಬೇರೆ ಬೇರೆ ವಯಸ್ಸಿನವು, ಕನ್ಯೆಯ ಸೋದರಮಾವನ ಮೊಬೈಲಿಗೆ ಬಂದವು. ಅಂಗಡಿಯವನು ಎರಡು ವಾರ ಬಾಗಿಲು ತೆರೆಯಲಿಲ್ಲ. ನಾನು ಸವಣೂರಿನಿಂದ ಮೆಕ್ಯಾನಿಕ್ಕನ್ನು ಕರೆಸಿದೆ. ನನ್ನ ವಯಸ್ಸಿನವನೇ. ಅವನ ಅಪ್ಪ ರೇಡಿಯೋ ರಿಪೇರಿ ಮಾಡುತ್ತಿದ್ದ. ಇವನಿಗೆ ಮಶೀನಿನ ಮುಂದೆ ಸುಮ್ಮನೆ ಕೂರುವ ತಾಳ್ಮೆ ಅಲ್ಲಿಂದ ಬಂದಿತ್ತು.

"ನಾನ ಎಲ್ಲಾ ಡಿಲೀಟ್ ಮಾಡೇನಲ್ಲೋ" ಎಂದೆ.

"ಡಿಲೀಟ್ ಅಂದ್ರ ಅಂಗಳದಾಗಿನ ರಂಗೋಲಿ ಮ್ಯಾಲ ನೀರು ಹೊಡದಂಗ್ರಿ ಸಾಹೇಬ್ರ. ಅಚ್ಚು ಹಂಗ ಇರ್ತೈತಿ. ಗೊತ್ತಿದ್ದಾಂವ ಕೂತ ತಿದ್ದಿದ್ರ ಪೂರಾ ಎದ್ದು ಬರ್ತೈತಿ. ಸೆಗಣಿ ಹಾಕಿ ಎರಡ್ಮೂರು ಸಲ ಸಾರಸ್ಬೇಕು. ಆಗ ಹೊಕ್ಕೈತಿ."

ನನಗೆ ಚೆನ್ನಾಗಿ ತಿಳಿಯಿತು. ಮೊದಲು ಎಲ್ಲವನ್ನೂ ಹೊಸ ಕಂಪ್ಯೂಟರಿಗೆ ತುಂಬಿದ. ಆಮೇಲೆ ಹಳೆಯದರಲ್ಲಿ ಫೈಲುಗಳಿದ್ದ ಜಾಗದ ಮೇಲಷ್ಟೇ ಸೊನ್ನೆಗಳನ್ನು ತುಂಬಿಸಿ ಸಾರಿಸುವ ಒಂದು ಪ್ರೋಗ್ರಾಮು ಹಚ್ಚಿದ. ಒಂದು ಹಗಲು ಪೂರ್ತಿ ಅದು ಲೆಕ್ಕ ಹಾಕುತ್ತ ಸಾರಿಸಿತು. ನನ್ನ ಗುರುಗಳ ಒಲೆ ನೆನಪಾಗಿ ಸಮಾಧಾನವಾಯಿತು. ಹೆಂಡತಿಯ ತವರೂರಿನ ಮಹಿಳಾ ಸಂಘದವರು ಹಳೆಯ ಕಂಪ್ಯೂಟರ್ ಇದ್ದರೆ ಕೊಡಿ ಎಂದಿದ್ದರು. ಮರುದಿನ, ಇನ್ನು ಕೊಡಬಹುದು ಎಂದು ಹೇಳಿ ನಾನು ಒಂದು ಸಹಿಯ ಕೆಲಸಕ್ಕೆ ಹೋದೆ.

ನಾನಿಲ್ಲದಾಗ ಹೆಂಡತಿ ಮೆಕ್ಯಾನಿಕ್ಕನ್ನು ಕೇಳಿದ್ದಾಳೆ, "ಅದರಾಗ ಈಗೇನೈತಪ?" "ಏನಿಲ್ರಿ ಅಕ್ಕಾರ. ಪೂರಾ ಖಾಲಿ."

ಖಾಲಿ ಎಂಬ ಮಾತು ಅವಳ ಕಿವಿಗೆ ಬಿದ್ದದ್ದೇ ತಪ್ಪಾಯಿತು. ತವರಿಗೆ ಖಾಲಿ ಡಬ್ಬಿ ಕಳಿಸುವುದೆ? ಏನಾದರೂ ಹಾಕು ಎಂದಳಂತೆ. ಏನು ಹಾಕಲಿ ಎಂದು ಅವನು ಕೇಳಿದಾಗ ಹೊಸ ಕಂಪ್ಯೂಟರಿನ ಪಟ್ಟಿಯ ಮೇಲೆ ಬೆರಳಾಡಿಸಿ, ಊರಿನ ಹೆಂಗಸರಿಗೆ ನಿಜವಾಗಿ ಉಪಯೋಗವಾಗುವ ಒಂದೇ ಒಂದು ಫೈಲು ಆರಿಸಿದಳು.

ರಾತ್ರಿ ಊಟಕ್ಕೆ ಕೂತಾಗ ಹೇಳಿದಳು. ಮಲ್ಲಿಗೆ ಮಾಲೆ, ಕುಂಕುಮ, ತೆಂಗಿನಕಾಯಿ ಸಹಿತ ಅವಳ ಅಣ್ಣನ ಟೆಂಪೋದಲ್ಲಿ ಕಂಪ್ಯೂಟರ್ ಹೋಗಿತ್ತು. "ಗೊಬ್ಬರದ ಅರ್ಜಿನೂ ಹಾಕಿಸಿ ಕಳಿಸೇನಿ. ಒಂಬತ್ತು ವರ್ಷ ನಿಮ್ಮ ಕೈಲಿ ಆಗ್ಲಿಲ್ಲ, ಸಂಘದಾಗ ಎಲ್ಲಾರೂ ಕೂಡಿ ಹಾಕ್ತಾರ."

"ಯಾರ ಮನ್ಯಾಗ ಇಟ್ಟಾರ?" ಎಂದೆ.

"ಕಾರ್ಯದರ್ಶಿ ಮನ್ಯಾಗ." ಯಾರು ಎಂದೂ ಹೇಳಿದಳು. ಅವರು ಆ ಹೆಣ್ಣುಮಗಳ ಗಂಡನ ಅಕ್ಕ. ಊರಲ್ಲೇ ಕೊಟ್ಟ ಮಗಳು, ತಮ್ಮನ ಮನೆಗೆ ಗೋಡೆಗೆ ಗೋಡೆ.

ತಾಟು ಸರಿಸಿದೆ. ಫೋನು ಮಾಡುವಂತಿರಲಿಲ್ಲ. ಆ ಫೈಲು ತೆರೆಯಬೇಡಿ ಎಂದು ಹೇಳಿದರೆ ತೆರೆಯದೆ ಬಿಡುವ ಮನುಷ್ಯರು ಇನ್ನೂ ಹುಟ್ಟಿಲ್ಲ. ಆಕೆಗೆ ಹೇಳೋಣವೆಂದರೆ ಅವಳ ಫೋನು ಇರುವುದು ಅವನ ಕಿಸೆಯಲ್ಲಿ.

ಮುಂಜಾನೆ ಶಿಗ್ಗಾಂವಿ ಬಸ್ ಹತ್ತಿದೆ. ಅಲ್ಲಿಂದ ದುಂಡಸಿ, ಅಲ್ಲಿಂದ ನಡಿಗೆ. ರಸ್ತೆಯ ಎರಡೂ ಬದಿಗೆ ಗೋವಿನಜೋಳ ಮೊಣಕಾಲಿಗೆ ಬಂದಿತ್ತು, ಹೊಲದ ಅಂಚಿನಲ್ಲಿ ತಿಪ್ಪೆಗಳಿದ್ದವು. ತಿಪ್ಪೆ ಕಂಡಾಗಲೆಲ್ಲ ನನಗೆ ನನ್ನ ಮೇಲೇ ಸಿಟ್ಟು ಬಂತು. ಗೊಬ್ಬರದ ಹೆಸರು ಕಂಡರೆ ಕಚೇರಿಯ ಎದುರಿನ ಜನ ಮುಖ ತಿರುಗಿಸುತ್ತಾರೆ. ರೈತರ ಊರಿನಲ್ಲಿ ಮೊದಲು ತೆರೆಯುವುದೇ ಅದನ್ನು. ಬಾಗಿಲ ಮೇಲೆ 'ಬರ್ರಿ' ಎಂದು ಬರೆದು ಕಳಿಸಿದ್ದೆ.

ಹೆಂಡತಿಯ ಊರಿಗೆ ಹೋದ ಅಳಿಯ ಬಂದ ಕೆಲಸ ಮಾಡಿಕೊಂಡು ಹೋಗುವುದು ಅಷ್ಟು ಸುಲಭವಲ್ಲ. ಕಾರ್ಯದರ್ಶಿಯವರ ಪಡಸಾಲೆಯಲ್ಲಿ ಆರು ಜನ ಹೆಂಗಸರು ಸೆರಗು ಹೊದ್ದು ಎದ್ದು ನಿಂತರು. ಕೈಕಾಲಿಗೆ ನೀರು, ಅವಲಕ್ಕಿ, ಚಹಾ, ಮತ್ತೆ ಶಿರಾ. ಕಂಪ್ಯೂಟರ್ ಕಣ್ಣೆದುರಿಗೇ ಇತ್ತು, ಹಣೆಗೆ ಕುಂಕುಮ ಹಚ್ಚಿಕೊಂಡು ಸ್ಟೂಲಿನ ಮೇಲೆ. ಮುಟ್ಟುವಂತಿಲ್ಲ. ಶಿರಾ ಮುಗಿಸಿ, "ಇದಕ್ಕ ವೈರಸ್ ಬಡದೈತ್ರಿ, ನೋಡಿ ಹೋಗೂಣಂತ ಬಂದೆ" ಎಂದೆ. ಹೆಂಗಸರು ಒಂದು ಹೆಜ್ಜೆ ಹಿಂದೆ ಸರಿದರು. ಕಾರ್ಯದರ್ಶಿ ಸರಿಯಲಿಲ್ಲ. ಉಳಿದವರನ್ನು "ನೀವು ನಡೀರಿ, ಹೊಲಕ್ಕ ಹೊತ್ತಾತು" ಎಂದು ಕಳಿಸಿ, ಬಾಗಿಲು ಮುಂದೆ ಮಾಡಿ ಬಂದು ಕೂತರು.

"ಗೊಬ್ಬರದ ಅರ್ಜಿ ಒಯ್ಯಾಕ ಬಂದೀರಿ. ಹೌದಲ್ರಿ ಅಳಿಯಾರ?"

ನಾನು ಚಹಾದ ಬಟ್ಟಲನ್ನು ಬದಿಗೆ ಸರಿಸಿದೆ.

"ನಿನ್ನಿ ಎಲ್ಲಾರೂ ಅದನ್ನ ಮೊದಲ ತಗಿ ಅಂದ್ರು. ನಾನ ಓದಿ ಹೇಳ್ತೇನಿ ಅಂತ ಕುಂತೆ. ಒಂದನೇ ಸಾಲಿಗೆ ಗೊತ್ತಾತು. ಸರ್ಕಾರ ಈ ವರ್ಷ ಸಬ್ಸಿಡಿ ನಿಲ್ಲಿಸೈತಂತ ಅಂತ ಹೇಳಿ ಮುಚ್ಚಿದೆ. ಎಲ್ಲಾರೂ ಸರ್ಕಾರಕ್ಕ ಬೈಕೋತ ಹ್ವಾದ್ರು. ಆಮ್ಯಾಲೆ ಒಬ್ಬಾಕಿನ ಪೂರಾ ಓದಿದ್ನಿ."

"ಯಾರಿಗರ ಹೇಳೀರೇನ್ರಿ?"

"ಯಾರಿಗೆ ಹೇಳ್ಲಿ? ಅಂವ ನನ್ನ ತಮ್ಮ." ಕೈಬಳೆ ತಿರುವಿದರು. "ಮೂರನೇ ಹಾಳ್ಯಾಗ ಟಿ.ವಿ. ಸದ್ದು ನಿಂತಿತು ಅಂತ ಬರದೀರಲ್ರಿ. ಆ ಟಿ.ವಿ. ನೋಡ್ರಿ ಅದು."

ಮೂಲೆಯಲ್ಲಿತ್ತು. ಮೇಲೆ ಕ್ರೋಶಾ ಹೆಣೆದ ಬಟ್ಟೆ, ಬಟ್ಟೆಯ ಮೇಲೆ ಪ್ಲಾಸ್ಟಿಕ್ ಹೂವಿನ ಕುಂಡ.

"ನಾನ ಬಂದ್ ಮಾಡಿದ್ನಿ. ಮನ್ಯಾಗ ಯಾರೂ ಇಲ್ಲ ಅಂತ ತಿಳಕೊಂಡು ಹೋಗ್ಲಿ ಅಂತ. ಅಣ್ಣತಮ್ಮಂದ್ರು ತಪ್ಪಿದ್ರ ತವರಿಲ್ಲ ಅಂತ ಹೆದರಿಕಿ ನನಗ. ಒಂಬತ್ತು ವರ್ಷ ಆಕಿ ದಿನಾ ಇದ ಬಾಗಿಲದ ಮುಂದ ನೀರು ತರ್ತಾಳ, 'ಅತ್ತಿಗ್ಯಾರ ಉಂಡ್ರೇನು' ಅಂತ ಕೇಳ್ತಾಳ. ಒಂದ ದಿನ ಆ ಮಾತು ತಗೀಲಿಲ್ಲ. ಆಕೀಗೆ ಗೊತ್ತಿಲ್ಲ ಅಂತ ನಾ ತಿಳದಿದ್ದೆ. ಎಲ್ಲಾ ಬರಸ್ಯಾಳ."

ಮೆಕ್ಯಾನಿಕ್ ಸಾರಿಸುವ ಪ್ರೋಗ್ರಾಮು ಹಾಕಿ ನನ್ನಲ್ಲೇ ಬಿಟ್ಟುಹೋಗಿದ್ದ ಪೆನ್‌ಡ್ರೈವ್ ಹಚ್ಚಿದೆ. ಸಾರಿಸುವುದು ಸುರುವಾಯಿತು. ಪರದೆಯ ಮೇಲೆ ಅಂಕಿಗಳು ಏರುವುದನ್ನು ಇಬ್ಬರೂ ಮಧ್ಯಾಹ್ನದವರೆಗೆ ನೋಡುತ್ತ ಕೂತೆವು. ಮುಗಿಯುವ ಹೊತ್ತಿಗೆ ಅವರು, "ಕೆಳಗ ಸಾಕ್ಷಿ ಅಂತ ಚುಕ್ಕಿ ಬಿಟ್ಟಿದ್ರಲ್ರಿ. ಆಕಿ ಹೂಂ ಅಂದ್ರ ನನ್ನ ಹೆಸರು ಹಾಕ್ರಿ. ಬ್ಯಾಡ ಅಂದ್ರ ಬ್ಯಾಡ" ಎಂದರು. ಹೊರಡುವಾಗ ಕಂಪ್ಯೂಟರ್ ಮತ್ತೆ ಖಾಲಿ ಉಳಿಯಬಾರದೆಂದು ಗೊಬ್ಬರದ್ದೇ ಒಂದು ಅರ್ಜಿಯನ್ನು ಟೈಪ್ ಮಾಡಿ ಇಟ್ಟು ಬಂದೆ. ಗೊಬ್ಬರಕ್ಕೆ ನಿಜವಾಗಿ ಸಬ್ಸಿಡಿ ಇದೆಯೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಬೇಕಾಯಿತು. ಕಸುಬಿನಲ್ಲಿ ಮೊದಲ ಸಲ ಒಂದು ಸುದ್ದಿ ಮನೆಗೆ ತಂದೆ. ಅವಳು ನಂಬಲಿಲ್ಲ. "ಅವನಾ? ಊರಾಗ ಯಾರ ಜಗಳ ಆದ್ರೂ ಬಿಡಸಾಕ ಹೋಗೂ ಮನಶ್ಯಾರಿ ಅಂವ" ಎಂದಳು. ಎರಡು ದಿನ ಮಾತಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ ಹೇಳಿದಳು: "ಒಂಬತ್ತು ವರ್ಷ ನಿಮಗ ಗೊತ್ತಿತ್ತು. ಗೊತ್ತಿದ್ದೂ ಉಂಡಿ ತಿಂದ್ರಿ. ನನಗೂ ತಿನಿಸಿದ್ರಿ."

ಯಾರ ಗುಟ್ಟನ್ನೂ ಬಿಟ್ಟುಕೊಡದ ಮನುಷ್ಯ ಎಂದು ನನ್ನ ಬಗ್ಗೆ ನನಗೆ ಹೆಮ್ಮೆಯಿತ್ತು. ಅವತ್ತು ಆ ಹೆಮ್ಮೆ ಹೋಯಿತು. ನಾನು ಕಾಯ್ದದ್ದು ನಾಲ್ಕು ಹಾಳೆಗಳನ್ನು. ಬಂದು ಹೋಗುವ ಹೆಣ್ಣುಮಗಳನ್ನು ಒಂದು ಸಲವೂ, ಈಗ ಕೊಡೋಣವೇನವ್ವ, ಜೊತೆಗೆ ಬರಲೇನು ಎಂದು ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

ಪಂಚಮಿ ಬಂತು. ಮರುದಿನ ಆಕೆ ಬಂದಳು. ಡಬ್ಬಿ ಟೇಬಲ್ಲಿನ ಮೇಲಿಟ್ಟಳು. ನಾನು ಕೂರಿಸಿ, ಮೊದಲಿನಿಂದ ಕೊನೆಯವರೆಗೆ ನನ್ನ ತಪ್ಪನ್ನು ಹೇಳಿದೆ. ಫೈಲಿನ ಹೆಸರು, ಹೆಂಡತಿಗೆ ಹೇಳಿದ ಸುಳ್ಳು, ಟೆಂಪೋ. ಆಕೆ ಸೆರಗನ್ನು ಮುಷ್ಟಿಯಲ್ಲಿ ಹಿಡಿದಳು.

"ನಿಮ್ಮ ಹತ್ರ ಇಟ್ಟಿದ್ನಿ ನಾ" ಎಂದಳು. ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಆಮೇಲೆ, "ಯಾರು ಓದ್ಯಾರ?"

"ನಿಮ್ಮ ಅತ್ತಿಗಿ. ಅವರೊಬ್ಬರ. ಯಾರಿಗೂ ಹೇಳಿಲ್ಲ."

"ಟಿ.ವಿ. ಮಾತು ಓದ್ಯಾರೇನು?"

"ಓದ್ಯಾರ. ನಾನ ಬಂದ್ ಮಾಡಿದ್ನಿ ಅಂದ್ರು. ಸಾಕ್ಷಿಗೆ 'ನನ್ನ ಹೆಸರು ಹಾಕ್ರಿ' ಅಂದಾರ, ನೀವು ಹೂಂ ಅಂದ್ರ."

ಕ್ಯಾಲೆಂಡರಿನ ಕಡೆ ಬಹಳ ಹೊತ್ತು ನೋಡಿದಳು. ಒಂಬತ್ತು ವರ್ಷದಲ್ಲಿ ಅವಳು ಅತ್ತದ್ದನ್ನು ನಾನು ಮೊದಲ ಸಲ ನೋಡಿದೆ. ಸದ್ದು ಇರಲಿಲ್ಲ. ನನ್ನ ಹೆಂಡತಿ ಎದ್ದು ಹೋಗಿ ಅವಳ ಪಕ್ಕ, ನೆಲದ ಮೇಲೆ ಕೂತಳು.

ನನಗೆ ಏನು ಮಾಡಬೇಕೆಂದು ತೋಚದೆ, ರೂಢಿಯಂತೆ ಫೈಲು ತೆಗೆದು ಕೇಳಿಬಿಟ್ಟೆ: "ದಿನಾಂಕ ಬಿಡ್ಲೇನವ್ವ, ಶ್ರಾವಣ ಮುಗಿಯೂತನ?"

"ಶ್ರಾವಣ ವರ್ಷಾ ಬರ್ತೈತ್ರಿ ಅಣ್ಣಾರ" ಎಂದು ಕಣ್ಣೊರೆಸಿಕೊಂಡಳು. "ಇವತ್ತಿನ ತಾರೀಖು ಹಾಕ್ರಿ. ಸಾಕ್ಷಿನೂ ಹಾಕ್ರಿ."

ಹಾಕಿದೆ. ಪ್ರಿಂಟರ್ ನಾಲ್ಕು ಹಾಳೆ ಹೊರಹಾಕಿತು. ಒಂದೊಂದರ ಕೆಳಗೂ ಸಾವಕಾಶವಾಗಿ ಸಹಿ ಮಾಡಿದಳು. ಹೆಂಡತಿ ಅಂಗಡಿಯ ಫೋನಿನಿಂದ ತವರೂರಿನ ಕಾರ್ಯದರ್ಶಿಗೆ ಹಚ್ಚಿ, "ಅಕ್ಕಾ, ಶಿಗ್ಗಾಂವಿ ಬಸ್‌ಸ್ಟ್ಯಾಂಡಿಗೆ ಬಾ. ಅಲ್ಲಿಂದ ಪೊಲೀಸ್ ಠಾಣೆಗೆ ಹೋಗೂಣು. ಆಧಾರ್ ಕಾರ್ಡ್ ತಗೊಂಡ ಬಾ" ಎಂದು ಇಟ್ಟಳು. ಉಂಡಿಗಳನ್ನು ನನ್ನ ಊಟದ ತಾಟಿಗೆ ಸುರಿದು, ಡಬ್ಬಿ ತೊಳೆದು, ಒರೆಸಿದಳು. ಅಂಗಡಿಯಲ್ಲಿ ಸಕ್ಕರೆ ಇರಲಿಲ್ಲ. ನಾಲ್ಕು ಹಾಳೆಗಳನ್ನು ಮಡಚಿ ಡಬ್ಬಿಯೊಳಗಿಟ್ಟು, ಮುಚ್ಚಳ ಒತ್ತಿ, ಆಕೆಯ ಕೈಗೆ ಕೊಟ್ಟು, "ನಡಿಯವ್ವ, ನಾನೂ ಬರ್ತೇನಿ" ಎಂದಳು.

ಇಬ್ಬರೂ ರಸ್ತೆ ದಾಟಿ ಶಿಗ್ಗಾಂವಿ ಬಸ್ ಹತ್ತುವುದನ್ನು ಬಾಗಿಲಲ್ಲಿ ನಿಂತು ನೋಡಿದೆ. ತಾಟಿನಲ್ಲಿ ಹನ್ನೊಂದು ಉಂಡಿಗಳಿದ್ದವು. ಅವರು ತಿರುಗಿ ಬರುವವರೆಗೆ ನಾನು ಒಂದನ್ನೂ ಮುಟ್ಟಲಿಲ್ಲ.